ತೂಬು ಎತ್ತುವ ಕೈ

(ಕೆಂಪಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸ ಎಂದರೆ ವಚನದ ಬಗ್ಗೆಯೋ ದಾಸರ ಬಗ್ಗೆಯೋ ಕೇಳುವುದು ನಮ್ಮ ರೂಢಿ. ನನ್ನ ವಿಷಯ ಕೇಳಿದ ಕಾರ್ಯದರ್ಶಿಗಳು ಖಾತ್ರಿ ಮಾಡಿಕೊಳ್ಳಲು ಎರಡು ಸಲ ಫೋನು ಮಾಡಿದರು. ಈ ದತ್ತಿಯನ್ನು ಇಟ್ಟವರ ತಂದೆ ಬದುಕಿನುದ್ದಕ್ಕೂ ಫಿಟ್ಟರ್ ಕೆಲಸ ಮಾಡಿದವರು. ಅವರ ಹೆಸರಿನ ವೇದಿಕೆಯಲ್ಲಿ ಅವರ ಕಸುಬಿನ ಮಾತು ಒಮ್ಮೆಯಾದರೂ ಬರಬೇಕು ಅನ್ನಿಸಿತು. ಹಾಗಾಗಿ ಇವತ್ತು ಮಾತಾಡುವುದು ಒತ್ತಡದ ಪಾತ್ರೆಯ ಬಗ್ಗೆ. ಶೆಡ್ಡಿನ ಮಾತಿನಲ್ಲಿ ಅದಕ್ಕೆ ವೆಸೆಲ್ ಎನ್ನುತ್ತಾರೆ. ಅದನ್ನು ಟೆಸ್ಟ್ ಮಾಡಿದ ಮೇಲೆ ಒಳಗಿನ ಒತ್ತಡವನ್ನು ಇಳಿಸುವ ಬಗೆ ಹೇಗೆ, ಅದನ್ನು ಇಳಿಸುವವರು ಯಾರು, ಇದಿಷ್ಟೇ ನನ್ನ ವಿಷಯ.

ಮೊದಲು ಕೆರೆಯಿಂದ ಶುರು ಮಾಡುತ್ತೇನೆ. ಬೆಳಿಗ್ಗೆ ಜಕ್ಕೂರು ಕೆರೆ ಏರಿಯ ಮೇಲೆ ನಡೆಯುವವರು ಇಲ್ಲಿ ಬಹಳ ಜನ ಇದ್ದೀರಿ. ನಮ್ಮ ಸೀಮೆಯ ಯಾವ ಹಳೆಯ ಕೆರೆಗೂ ನೀರು ಹೊರಹೋಗಲು ಎರಡು ದಾರಿ ಇರುತ್ತಿದ್ದವು, ಒಂದು ಕೋಡಿ, ಇನ್ನೊಂದು ತೂಬು. ಕೋಡಿಗೆ ಯಾರ ಅಪ್ಪಣೆಯೂ ಬೇಡ. ನೀರು ಮಟ್ಟ ಮೀರಿದರೆ ತಾನೇ ಹರಿಯುತ್ತದೆ, ಏರಿ ಉಳಿಯುತ್ತದೆ. ತೂಬಿಗೆ ಮನುಷ್ಯ ಬೇಕು. ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು, ಕಾಲುವೆ ತಡೆದೀತೆ, ಕೆಳಗಿನ ಗದ್ದೆಯಲ್ಲಿ ಯಾರಾದರೂ ಇದ್ದಾರೆಯೆ, ಇವೆಲ್ಲ ಗೊತ್ತಿದ್ದವನೇ ತೂಬು ಮುಟ್ಟಬೇಕಿತ್ತು. ಅವನೇ ನೀರಗಂಟಿ. ಕೆರೆ ತುಂಬುವ ಕೆಲಸ ಮಳೆಯದು, ಅದಕ್ಕೆ ಸಂಬಳ ಇಲ್ಲ. ನೀರು ಬಿಡುವ ಕೆಲಸಕ್ಕೆ ಊರು ಒಬ್ಬನನ್ನು ನೇಮಿಸಿ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನ ಪಾಲಿನ ಧಾನ್ಯ ಅಳೆದು ಕೊಡುತ್ತಿತ್ತು.

ಕಾರ್ಖಾನೆಯ ವೆಸೆಲ್ಲಿಗೂ ಈ ಎರಡೂ ಉಂಟು. ಸೇಫ್ಟಿ ವಾಲ್ವ್ ಅದರ ಕೋಡಿ, ಒತ್ತಡ ಬಿಡುವ ವಾಲ್ವ್ ಅದರ ತೂಬು. ಟೆಸ್ಟ್ ದಿನ ಏನಾಗುತ್ತದೆ ಎಂಬುದನ್ನು ಹೊರಗಿನವರು ತಿಳಿಯುವುದು ಕಡಿಮೆ. ಪಾತ್ರೆ ದಿನನಿತ್ಯ ತಾಳಬೇಕಾದ ಒತ್ತಡಕ್ಕಿಂತ ಹೆಚ್ಚು ಒತ್ತಡವನ್ನು ಅವತ್ತು ಬೇಕೆಂದೇ ಏರಿಸುತ್ತೇವೆ. ನಮ್ಮ ಬಾಯ್ಲರ್ ನಿಯಮದಂತೆ ಹೊಸ ಬಾಯ್ಲರಿಗೆ ಕೆಲಸದ ಒತ್ತಡದ ಒಂದೂವರೆ ಪಟ್ಟು. ಅಮೆರಿಕದ ಎಂಜಿನಿಯರುಗಳ ಸಂಘವಾದ ಎ.ಎಸ್.ಎಂ.ಇ.ಯ ಸಂಹಿತೆಯ ಪ್ರಕಾರ ಕಟ್ಟಿದ ಸಾಮಾನ್ಯ ವೆಸೆಲ್ಲಿಗೆ ನೀರಿನಲ್ಲಾದರೆ 1.3 ಪಟ್ಟು, ಗಾಳಿಯಲ್ಲಾದರೆ 1.1 ಪಟ್ಟು. ಸೇಫ್ಟಿ ವಾಲ್ವ್ ತನ್ನ ಜಾಗದಲ್ಲಿದ್ದರೆ ಅಷ್ಟರೊಳಗೆ ಬಿಚ್ಚಿಕೊಂಡುಬಿಡುತ್ತದೆ. ಅದಕ್ಕೇ ಟೆಸ್ಟಿಗೆ ಮುಂಚೆ ಅದನ್ನು ಕಳಚಿ ಆ ಬಾಯಿಗೆ ಬ್ಲೈಂಡ್ ಎಂಬ ಮುಚ್ಚುತಟ್ಟೆ ಹಾಕುತ್ತಾರೆ. ಕೋಡಿಗೆ ಕಲ್ಲು ಕಟ್ಟಿ ಕೆರೆಯನ್ನು ಏರಿಯ ಮಟ್ಟಕ್ಕೆ ತುಂಬಿಸಿದ ಹಾಗೆ. ಅಂದಿನ ಮಟ್ಟಿಗೆ ಉಳಿಯುವುದು ತೂಬು ಒಂದೇ. ಆ ತೂಬನ್ನು ಎತ್ತಲು ನಾವು ಕಳಿಸುವುದು ಶೆಡ್ಡಿಗೆ ಹೊಸದಾಗಿ ಸೇರಿದ ಹೆಲ್ಪರ್ ಹುಡುಗನನ್ನು. ಊರು ಅಳೆದುಕೊಡುತ್ತಿದ್ದ ಆ ಪಾಲು ನಮ್ಮ ಶೆಡ್ಡಿನಲ್ಲಿ ಎಲ್ಲಿ ಹೋಯಿತು ಎಂಬುದು ನಾನು ಮೂವತ್ತೈದು ವರ್ಷದಿಂದ ಕೇಳಿಕೊಂಡು ಬಂದ ಪ್ರಶ್ನೆ.

ನೀರಿಗೂ ಗಾಳಿಗೂ ಯಾಕೆ ಬೇರೆ ಬೇರೆ ಲೆಕ್ಕ? ಮುಂದಿನ ಸಾಲಿನಲ್ಲಿ ಕೂತಿರುವ ಐಟಿಐ ಮತ್ತು ಡಿಪ್ಲೊಮಾ ಮಕ್ಕಳು ಇದನ್ನು ಪೆನ್ನು ಹಿಡಿದು ಮಾಡಿ ನೋಡಬೇಕು. ಒಂದು ಘನ ಮೀಟರಿನ ಪಾತ್ರೆ, ಅಂದರೆ ಸಾವಿರ ಲೀಟರ್. ನಮ್ಮ ಮನೆಗಳ ತಾರಸಿಯ ಕಪ್ಪು ಟ್ಯಾಂಕಿನಷ್ಟು. ಅದರ ತುಂಬ ನೀರು ಹಾಕಿ 10 ಬಾರ್ ಒತ್ತಡ ಏರಿಸಿದರೆ, ನೀರು ಒತ್ತಿಕೊಂಡದ್ದರಿಂದ ಅದರಲ್ಲಿ ಕೂಡಿಕೊಳ್ಳುವ ಶಕ್ತಿ ಸುಮಾರು 230 ಜೂಲ್. ತುಂಬಿದ ಒಂದು ದೊಡ್ಡ ಬಕೆಟ್ ನೀರನ್ನು ನೆಲದಿಂದ ಒಂದು ಮೀಟರ್ ಎತ್ತಿ ಕಟ್ಟೆಯ ಮೇಲಿಡುವಷ್ಟು. ಉಕ್ಕಿನ ಗೋಡೆ ಹಿಗ್ಗಿದ್ದನ್ನೂ ಸೇರಿಸಿದರೆ ಇನ್ನಷ್ಟು ಹೆಚ್ಚಾಗುತ್ತದೆ, ಆದರೂ ಕಡಿಮೆಯೇ. ಅದೇ ಪಾತ್ರೆಗೆ ಅಷ್ಟೇ ಒತ್ತಡಕ್ಕೆ ಗಾಳಿ ತುಂಬಿ. ಈಗ ಒಳಗಿರುವ ಶಕ್ತಿ ಸುಮಾರು 13 ಲಕ್ಷ 60 ಸಾವಿರ ಜೂಲ್, ಸರಿಸುಮಾರು ಆರು ಸಾವಿರ ಪಟ್ಟು. ಹತ್ತು ಟನ್ ತೂಕದ ಒಂದು ಬಸ್ಸನ್ನು ನಾಲ್ಕು ಅಂತಸ್ತಿನ ಕಟ್ಟಡದ ಎತ್ತರಕ್ಕೆ ಎಸೆಯುವ ಶಕ್ತಿ ಅದು. ಗೇಜಿನ ಮುಳ್ಳು ಎರಡು ಸಲವೂ ಹತ್ತನ್ನೇ ತೋರಿಸುತ್ತದೆ. ಒಳಗೆ ಏನಿದೆ ಎಂಬುದನ್ನು ಮುಳ್ಳು ಹೇಳುವುದಿಲ್ಲ.

ನೀರು ತುಂಬುವಾಗ ಮೇಲಿನ ವೆಂಟ್ ಎಂಬ ಗಾಳಿಬಾಯಿ ತೆರೆದಿಟ್ಟು, ಗುಳ್ಳೆ ನಿಂತು ಬರೀ ನೀರು ಹರಿಯುವವರೆಗೂ ಕಾಯಬೇಕು ಎಂದು ಹಳೆಯ ಫಿಟ್ಟರುಗಳು ಹಟ ಹಿಡಿಯುತ್ತಿದ್ದದ್ದು ಇದಕ್ಕೇ. ಸಾವಿರ ಲೀಟರಿನ ಪಾತ್ರೆಯ ತಲೆಯಲ್ಲಿ ಬರೀ 50 ಲೀಟರ್ ಗಾಳಿ ಸಿಕ್ಕಿಕೊಂಡು ಅದೇ ಒತ್ತಡಕ್ಕೆ ಬಂದರೂ, ಉಳಿದ ಅಷ್ಟೂ ನೀರು ಹಿಡಿದಿರುವ ಶಕ್ತಿಯ ಮುನ್ನೂರು ಪಟ್ಟು ಅದರೊಳಗೆ ಕೂತಿರುತ್ತದೆ.

ಹಾಗೆಂದು ನೀರಿನ ಟೆಸ್ಟ್ ಮಕ್ಕಳಾಟ ಎಂದು ನಾನು ಹೇಳುತ್ತಿಲ್ಲ. 1965ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಅಮೋನಿಯಾ ಕಾರ್ಖಾನೆಗೆಂದು ಕಟ್ಟಿದ ದಪ್ಪ ಗೋಡೆಯ ವೆಸೆಲ್ ಒಂದು ತಯಾರಕರ ಶೆಡ್ಡಿನಲ್ಲೇ, ನೀರಿನ ಟೆಸ್ಟಿನಲ್ಲೇ ಸೀಳಿತು. ಸುಮಾರು ಎರಡು ಟನ್ನಿನ ಒಂದು ತುಂಡು 46 ಮೀಟರ್ ದೂರ ಹಾರಿತು. ಚಳಿಯಲ್ಲಿ ಕೆಲವು ಉಕ್ಕು ಗಾಜಿನ ಹಾಗೆ ಪೆಡಸಾಗುತ್ತದೆ. ಲೋಹ ಎಷ್ಟು ತಣ್ಣಗಿನವರೆಗೆ ತಾಳುತ್ತದೆಂದು ವಿನ್ಯಾಸದಲ್ಲಿ ಬರೆದಿದೆಯೋ, ಅದಕ್ಕಿಂತ ಕನಿಷ್ಠ 17 ಡಿಗ್ರಿ ಬೆಚ್ಚಗಿದ್ದಾಗ ನೀರಿನ ಟೆಸ್ಟ್ ಮಾಡುವುದು ಒಳ್ಳೆಯದೆಂದು ಎ.ಎಸ್.ಎಂ.ಇ. ಸಂಹಿತೆ ಈಗ ಸಲಹೆ ಕೊಡುತ್ತದೆ. ಬೆಂಗಳೂರಿನಲ್ಲಿ ಚಳಿಯ ಭಯ ಕಡಿಮೆ. ನಮ್ಮ ಭಯ ಬಿಸಿಲಿನದು, ಅದನ್ನು ಮುಂದೆ ಹೇಳುತ್ತೇನೆ.

ಗಾಳಿಯ ಟೆಸ್ಟಿಗೆ ಜನ ಯಾಕೆ ಕೈ ಹಾಕುತ್ತಾರೆ? ಕೆಲವು ಪಾತ್ರೆ, ಪೈಪುಗಳಿಗೆ ನೀರು ತಾಗಲೇಬಾರದು, ಕೆಲವಕ್ಕೆ ನೀರಿನ ಭಾರ ಹೊರುವ ಕಾಲಿಲ್ಲ. ಆಗ ಗಾಳಿಯೋ ನೈಟ್ರೋಜನ್ನೋ ಬೇಕಾಗುವುದು ನ್ಯಾಯ. ನಮ್ಮ ಊರಿನಲ್ಲಿ ಇನ್ನೊಂದು ಕಾರಣ ಉಂಟು, ನೀರಿಲ್ಲ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾದು ನಿಂತ ನಗರ ಇದು. ಹತ್ತು ಸಾವಿರ ಲೀಟರ್ ವೆಸೆಲ್ ತುಂಬಲು ಟ್ಯಾಂಕರಿಗೆ ದುಡ್ಡು ಕೊಡಬೇಕಾದ ಸಣ್ಣ ಶೆಡ್ಡಿನ ಮಾಲೀಕರ ಕಷ್ಟ ನನಗೆ ಗೊತ್ತು. ಅವರಿಗೆ ನಾನು ಹೇಳುವುದು ಇಷ್ಟೆ. ಟೆಸ್ಟಿನ ನೀರು ಚರಂಡಿಗೆ ಹೋಗಬೇಕಾಗಿಲ್ಲ. ನೆಲದೊಳಗೆ ಒಂದು ಸಂಪು ಕಟ್ಟಿ, ಒಂದು ಪಾತ್ರೆಯಿಂದ ಬಿಟ್ಟ ನೀರನ್ನು ಸೋಸಿ ಮತ್ತೊಂದಕ್ಕೆ ತುಂಬಬಹುದು. ಸ್ಟೇನ್‌ಲೆಸ್ ಸ್ಟೀಲ್ ಆದರೆ ಮಾತ್ರ ಬೋರ್‌ವೆಲ್ ನೀರಿನ ಕ್ಲೋರೈಡ್ ಅಳೆಸಿ ನೋಡಬೇಕು, ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ ಐವತ್ತು ಭಾಗ ಮೀರದ ಹಾಗೆ ನೋಡಿಕೊಳ್ಳುತ್ತಾರೆ.

ಈಗ ನನ್ನದೇ ಒಂದು ದಿನದ ಕಥೆ. 1987. ನನಗೆ ಇಪ್ಪತ್ತನಾಲ್ಕು ವರ್ಷ, ಟೆಸ್ಟಿಂಗ್ ನೋಡಿಕೊಳ್ಳುವ ಜವಾಬ್ದಾರಿ ಹೊಸದಾಗಿ ಬಂದಿತ್ತು. ಶೆಡ್ಡಿನ ಹೆಸರು ಬೇಡ. ಕಂಪ್ರೆಸರಿನ ಗಾಳಿ ಕೂಡಿಡುವ ಒಂದು ರಿಸೀವರ್ ಟೆಸ್ಟಿಗೆ ನಿಂತಿತ್ತು. ಅರ್ಧ ತುಂಬುವಷ್ಟರಲ್ಲಿ ಟ್ಯಾಂಕಿನ ನೀರು ಮುಗಿಯಿತು. “ಮಿಕ್ಕಿದ್ದು ಏರ್‌ನಲ್ಲೇ ನೋಡ್ಬಿಡ್ರಿ, ಮಧ್ಯಾಹ್ನ ಲಾರಿ ಬರತ್ತೆ” ಅಂದರು. ನಾನು ಒಪ್ಪಿದೆ. ಒತ್ತಡ ಏರಿಸುವಾಗ ನಾವು ಎಂಟು ಜನ ಸುತ್ತ ನಿಂತಿದ್ದೆವು, ಗಿರಾಕಿಯ ಕಡೆಯ ಇನ್‌ಸ್ಪೆಕ್ಟರೂ ಇದ್ದರು. ಬೆಸುಗೆಯ ಮೇಲೆಲ್ಲ ಸೋಪಿನ ನೀರು ಹಚ್ಚಿ ನೋಡಿದ್ದಾಯಿತು, ಎಲ್ಲೂ ಗುಳ್ಳೆ ಏಳಲಿಲ್ಲ. ರಿಜಿಸ್ಟರಿನಲ್ಲಿ “12.40, ಟೆಸ್ಟ್ ಸರಿ” ಎಂದು ಬರೆದು ಸಹಿ ಹಾಕಿದೆ. “ಪ್ರೆಶರ್ ಬಿಟ್ಬಿಡೋ” ಎಂದು ಹೆಲ್ಪರಿಗೆ ಹೇಳಿ ಎಲ್ಲರೂ ಊಟಕ್ಕೆ ಎದ್ದೆವು.

ಅವನು ಕೆಳಗಿನ ಡ್ರೇನ್ ವಾಲ್ವ್ ತಿರುಗಿಸಿದ. ಸ್ವಲ್ಪ ನೀರು ಚಿಮ್ಮಿತು, ನಿಂತಿತು. ಗೇಜಿನ ಮುಳ್ಳು ಸೊನ್ನೆಗೆ ಬಿತ್ತು. “ಅಣ್ಣಾ, ಝೀರೋ ಬಂತು, ಬಿಚ್ಲಾ?” ಎಂದು ಕೂಗಿದ. ಕೈ ತೊಳೆಯುತ್ತಿದ್ದ ನಾನೇ “ಬಿಚ್ಚು” ಅಂದೆ. ಗೇಜನ್ನು ಕೂರಿಸಿದ್ದದ್ದು ಆ ಡ್ರೇನ್ ಪೈಪಿನ ಮೇಲೆಯೇ. ಒಳಗಿನ ತುಕ್ಕಿನ ಚಕ್ಕೆ, ಬೆಸುಗೆಯ ಕಸ ಎಲ್ಲ ಸೇರಿ ಪಾತ್ರೆಯ ಬಾಯಿಗೆ ಅಡ್ಡ ಕೂತಿತ್ತು. ಅಡ್ಡದ ಈಚೆ ಸೊನ್ನೆ. ಆಚೆ, ಪಾತ್ರೆಯೊಳಗೆ, ಏರಿಸಿದ ಒತ್ತಡ ಹಾಗೇ ಇತ್ತು. ಅವನು ಮೇಲೆ ಹತ್ತಿ ಎರಡು ಇಂಚಿನ ಪ್ಲಗ್ಗಿಗೆ ಸ್ಪ್ಯಾನರ್ ಹಾಕಿದ. 10 ಬಾರಿನಲ್ಲಿ ಅಷ್ಟು ಅಗಲದ ಪ್ಲಗ್ಗನ್ನು ಒಳಗಿನಿಂದ ನೂಕುವ ಬಲ ಇನ್ನೂರು ಕಿಲೋ. ಕೊನೆಯ ಎರಡು ಸುತ್ತು ಉಳಿದಿರುವಾಗಲೇ ಪ್ಲಗ್ ಹಾರಿತು. ಅವನ ಜೀವ ಉಳಿಯಿತು. ಎಡಗಣ್ಣು ಉಳಿಯಲಿಲ್ಲ. ಅವನಿಗೆ ಹತ್ತೊಂಬತ್ತು ವರ್ಷ.

ವಿಚಾರಣೆಯಲ್ಲಿ ರಿಜಿಸ್ಟರ್ ತೆರೆದು ನೋಡಿದರು. 12.40ಕ್ಕೇ ಟೆಸ್ಟ್ ಮುಗಿದಿದೆ, ಸಹಿ ಇದೆ. ಅಪಘಾತ ಆದದ್ದು 12.50ಕ್ಕೆ. ಕಾಗದದ ಪ್ರಕಾರ ಆ ಹತ್ತು ನಿಮಿಷ ಅಲ್ಲಿ ಯಾವ ಕೆಲಸವೂ ನಡೆಯುತ್ತಿರಲಿಲ್ಲ.

ಆ ಹತ್ತು ನಿಮಿಷದ ಬಗ್ಗೆಯೇ ಮಿಕ್ಕ ಮಾತು.

ಒತ್ತಡ ಹೇಗೆ ಇಳಿಯುತ್ತದೆ ಎಂಬುದನ್ನು ಏರಿಸುವ ಮೊದಲೇ ತೀರ್ಮಾನಿಸಬೇಕು. ಬಿಡಲಿಕ್ಕೆಂದೇ ಒಂದು ಪ್ರತ್ಯೇಕ ಪೈಪು ಬೇಕು, ಅದರ ಬಾಯಿ ಜನ ಓಡಾಡದ ಕಡೆಗೆ ತಿರುಗಿರಬೇಕು, ಪೈಪು ನೆಲಕ್ಕೋ ಕಂಬಕ್ಕೋ ಬಿಗಿದಿರಬೇಕು. ಸಡಿಲ ಹೋಸ್ ಒತ್ತಡದಲ್ಲಿ ಹಾವಿನ ಹಾಗೆ ಬಡಿಯುತ್ತದೆ, ಮೂಳೆ ಮುರಿಯುತ್ತದೆ. ಆ ಪೈಪಿನಲ್ಲಿ ನೀಡಲ್ ವಾಲ್ವ್ ಇರಬೇಕು. ಬಾಲ್ ವಾಲ್ವ್ ಕಾಲು ಸುತ್ತಿಗೇ ಪೂರ್ತಿ ತೆರೆದುಕೊಳ್ಳುತ್ತದೆ, ನಿಧಾನಕ್ಕೆ ಬಿಡಲು ಅದು ಬಗ್ಗುವುದಿಲ್ಲ. ನೀಡಲ್ ವಾಲ್ವ್ ತಿರುಗಿಸಿದಷ್ಟೇ ಬಿಡುತ್ತದೆ. ವಾಲ್ವಿನ ಮುಂದೆ ನಿಲ್ಲಬಾರದು, ಪಕ್ಕದಲ್ಲಿ ನಿಂತು ತಿರುಗಿಸಬೇಕು. ದೂರದಿಂದಲೇ ತಿರುಗಿಸುವ ಏರ್ಪಾಡು ಮಾಡಿಕೊಂಡರೆ ಇನ್ನೂ ಮೇಲು.

ಗೇಜು ಎರಡು ಬೇಕು, ಒಂದು ಪಂಪಿನ ಹತ್ತಿರ, ಇನ್ನೊಂದು ಪಾತ್ರೆಯ ತಲೆಯ ಮೇಲೆ ನೇರವಾಗಿ. ಬಿಡುವ ಪೈಪಿನ ಮೇಲೆ ಕೂರಿಸಿದ ಗೇಜು ಪೈಪಿನ ಸುದ್ದಿ ಹೇಳೀತು, ಪಾತ್ರೆಯ ಸುದ್ದಿ ಅದಕ್ಕೆ ಗೊತ್ತಿಲ್ಲ. ಇಳಿಸುವಾಗ ಎರಡೂ ಮುಳ್ಳು ಜೊತೆಜೊತೆಗೆ ಇಳಿಯಬೇಕು. ಒಂದು ಇಳಿದು ಒಂದು ನಿಂತರೆ ಕೆಲಸ ನಿಲ್ಲಿಸಿ, ಒಳಗೆ ಪೂರ್ತಿ ಒತ್ತಡ ಇದೆ ಎಂದೇ ತಿಳಿದು ನಡೆಯಬೇಕು. ಗೇಜಿನ ಅಳತೆಗೂ ಒಂದು ಮಿತಿ ಉಂಟು. ಟೆಸ್ಟಿನ ಒತ್ತಡದ ಎರಡು ಪಟ್ಟಿನವರೆಗೆ ಗುರುತಿದ್ದರೆ ಚೆನ್ನ, ಒಂದೂವರೆ ಪಟ್ಟಿಗಿಂತ ಕಡಿಮೆಯೂ ನಾಲ್ಕು ಪಟ್ಟಿಗಿಂತ ಹೆಚ್ಚೂ ಇರಬಾರದು ಎಂದು ಸಂಹಿತೆ ಹೇಳುತ್ತದೆ. 10 ಬಾರ್ ಟೆಸ್ಟಿಗೆ 100ರ ಗೇಜು ಹಾಕಿದರೆ ಕೊನೆಯ ಒಂದೆರಡು ಬಾರ್ ಕಣ್ಣಿಗೇ ಬೀಳುವುದಿಲ್ಲ.

ಆ ಕೊನೆಯ ಒಂದೆರಡು ಬಾರಿನ ಬಗ್ಗೆ, ಅದಕ್ಕಿಂತಲೂ ಕಡಿಮೆಯ ಬಗ್ಗೆ, ಮಕ್ಕಳು ಮನಸ್ಸಿಟ್ಟು ಕೇಳಬೇಕು. ಪಾತ್ರೆಯೊಳಗೆ ಮನುಷ್ಯ ಇಳಿಯುವ ಬಾಯಿಗೆ ಮ್ಯಾನ್‌ಹೋಲ್ ಎನ್ನುತ್ತಾರೆ. ಅದು ಅರ್ಧ ಮೀಟರ್ ಅಗಲ ಇದೆ ಎಂದುಕೊಳ್ಳಿ. ಒಳಗೆ ಉಳಿದಿರುವುದು ಒಂದು ಬಾರಿನ ಹತ್ತನೇ ಒಂದು ಭಾಗ ಮಾತ್ರ. 25ರವರೆಗೆ ಗುರುತಿರುವ ಗೇಜಿನಲ್ಲಿ ಅದು ಕೂದಲೆಳೆಯಷ್ಟೂ ಕಾಣುವುದಿಲ್ಲ, ಮುಳ್ಳು ಸೊನ್ನೆಯ ಮೇಲೆಯೇ ಕೂತಂತಿರುತ್ತದೆ. ಆದರೂ ಆ ಮುಚ್ಚಳವನ್ನು ಒಳಗಿನಿಂದ ನೂಕುತ್ತಿರುವ ಬಲ ಸುಮಾರು ಇನ್ನೂರು ಕಿಲೋ. ಅಂದು ಪೂರ್ತಿ ಒತ್ತಡದಲ್ಲಿ ನಮ್ಮ ಹುಡುಗನ ಪ್ಲಗ್ಗನ್ನು ನೂಕಿದಷ್ಟೇ ಬಲ. ಅದಕ್ಕೇ ಗೇಜು ಸೊನ್ನೆ ತೋರಿಸಿದ್ದನ್ನು ಮುಗಿಯಿತು ಎಂದು ಲೆಕ್ಕ ಹಿಡಿಯಬಾರದು. ಮೇಲಿನ ವೆಂಟ್ ಪೂರ್ತಿ ತೆರೆದು, ಸುಯ್ಯೆಂಬ ಸದ್ದು ನಿಂತು, ಆ ಬಾಯಿ ಹೊರಗಿನ ಗಾಳಿಗೆ ತೆರೆದೇ ಇರುವಾಗ ಮಾತ್ರ ಒಳಗೂ ಹೊರಗೂ ಒಂದೇ. ವೆಂಟಿನಿಂದ ಸದ್ದೇ ಬರಲಿಲ್ಲ ಎಂದರೆ ಅದೂ ಕಟ್ಟಿಕೊಂಡಿರಬಹುದು, ತಂತಿ ಹಾಕಿ ನೋಡುವುದೂ ಒಂದು ಕೆಲಸ. ಅದಾದ ಮೇಲೂ ಫ್ಲ್ಯಾಂಜ್ ಬಿಚ್ಚುವವರು ನಟ್ಟುಗಳನ್ನು ಪೂರ್ತಿ ತೆಗೆಯುವುದಿಲ್ಲ. ತಮ್ಮಿಂದ ದೂರದ ಕಡೆಯ ನಟ್ಟುಗಳನ್ನು ಮೊದಲು ಸಡಿಲಿಸಿ, ಜೋಡಣೆ ಅತ್ತ ಕಡೆ ಬಾಯಿ ಬಿಡುವ ಹಾಗೆ ಮಾಡುತ್ತಾರೆ. ಒಳಗೆ ಏನಾದರೂ ಉಳಿದಿದ್ದರೆ ಅತ್ತ ಹೋಗುತ್ತದೆ. ಇದು ಯಾವ ಪುಸ್ತಕಕ್ಕಿಂತಲೂ ಮೊದಲು ನನಗೆ ಒಬ್ಬ ಹಳೆಯ ಫಿಟ್ಟರಿನಿಂದ ಬಂದ ವಿದ್ಯೆ.

ವೆಂಟ್ ತೆರೆದೇ ಇರಬೇಕು ಎಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮೇಲಿನ ಬಾಯಿ ಮುಚ್ಚಿ ಕೆಳಗಿನ ಡ್ರೇನ್ ತೆರೆದರೆ ನೀರು ಇಳಿಯುತ್ತ ಒಳಗೆ ನಿರ್ವಾತ ಹುಟ್ಟುತ್ತದೆ. ನಮ್ಮ ಸುತ್ತಲಿನ ಗಾಳಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಹತ್ತು ಟನ್ ಭಾರ ಹೇರುತ್ತಿದೆ. ಒಳಗಿನಿಂದ ತಡೆಯುವುದು ಏನೂ ಇಲ್ಲದಿದ್ದಾಗ ತೆಳುಗೋಡೆಯ ದೊಡ್ಡ ಪಾತ್ರೆ ತಗಡಿನ ಡಬ್ಬಿಯಂತೆ ಒಳಕ್ಕೆ ಕುಸಿಯುತ್ತದೆ. ಒಳಗಿನ ಒತ್ತಡ ತಾಳಿ ಪಾಸಾದ ಪಾತ್ರೆ ಹೊರಗಿನ ಗಾಳಿಗೆ ಸೋಲುವುದು ಹೀಗೆ.

ಬಿಸಿಲಿನ ಮಾತು ಬಾಕಿ ಇತ್ತು. ನೀರು ತುಂಬಿ ಎಲ್ಲ ವಾಲ್ವ್ ಮುಚ್ಚಿ ಬಯಲಿನಲ್ಲಿ ನಿಲ್ಲಿಸಿ ಊಟಕ್ಕೆ ಹೋದಿರಿ ಎನ್ನಿ. ನೀರು ಬಿಸಿಯಾಗಿ ಹಿಗ್ಗುತ್ತದೆ, ಉಕ್ಕು ಅದರಷ್ಟು ಹಿಗ್ಗುವುದಿಲ್ಲ. ಗಟ್ಟಿ ಗೋಡೆಯ, ಪೂರ್ತಿ ತುಂಬಿದ ಪಾತ್ರೆಯಲ್ಲಿ ನೀರು ಒಂದೇ ಡಿಗ್ರಿ ಬೆಚ್ಚಗಾದರೂ ಒತ್ತಡ ಕೆಲವು ಬಾರ್ ಏರಬಲ್ಲದು. ಯಾರೂ ಪಂಪ್ ಒತ್ತದೆ ಟೆಸ್ಟಿನ ಮಿತಿ ದಾಟಿಹೋಗುತ್ತದೆ. ಜನ ಇಲ್ಲದ ಹೊತ್ತಿನಲ್ಲಿ ಪಾತ್ರೆ ಬೆಚ್ಚಗಾಗುವ ಸಂಭವ ಇದ್ದರೆ ಟೆಸ್ಟಿನ ಒತ್ತಡದ ಒಂದು ಮತ್ತು ಮೂರನೇ ಒಂದು ಪಟ್ಟಿಗೆ ಬಿಚ್ಚಿಕೊಳ್ಳುವ ಸಣ್ಣ ರಿಲೀಫ್ ವಾಲ್ವ್ ಹಾಕಿ ಎಂದು ಸಂಹಿತೆ ಸಲಹೆ ಕೊಡುತ್ತದೆ. ನನ್ನ ಸಲಹೆ ಇನ್ನೂ ಸುಲಭ. ಒತ್ತಡ ಇರುವ ಪಾತ್ರೆಯನ್ನು ಬಿಟ್ಟು ಊಟಕ್ಕೆ ಹೋಗಬೇಡಿ.

ಗಾಳಿಯ ಟೆಸ್ಟಾದರೆ ಏರಿಸುವುದಕ್ಕೂ ಮೆಟ್ಟಿಲು, ಇಳಿಸುವುದಕ್ಕೂ ಮೆಟ್ಟಿಲು. ಅರ್ಧದವರೆಗೆ ನಿಧಾನ, ಅಲ್ಲಿಂದ ಟೆಸ್ಟ್ ಒತ್ತಡದ ಹತ್ತನೇ ಒಂದೊಂದು ಭಾಗ ಏರಿಸಿ ನಿಲ್ಲಿಸುತ್ತಾರೆ. ತುತ್ತತುದಿಯಲ್ಲಿ ಯಾರೂ ಹತ್ತಿರ ಹೋಗುವಂತಿಲ್ಲ. ತಪಾಸಣೆಯ ಮಟ್ಟಕ್ಕೆ ಇಳಿಸಿದ ಮೇಲೆಯೇ ಬೆಸುಗೆ ನೋಡಲು ಹೋಗಬೇಕು. 2009ರ ಫೆಬ್ರವರಿಯಲ್ಲಿ ಶಾಂಘೈನ ದ್ರವೀಕೃತ ಅನಿಲ ಘಟಕದಲ್ಲಿ ಗಾಳಿಯ ಟೆಸ್ಟಿನ ಹೊತ್ತಿಗೆ ಪೈಪು ಸಿಡಿದು ಒಬ್ಬರು ಸತ್ತರು, ಹಲವರು ಗಾಯಗೊಂಡರು. ಇಳಿಸುವಾಗ ಇನ್ನೂ ಮೂರು ಸಂಗತಿ ನೆನಪಿರಬೇಕು. ಒಳಗೆ ಒಂದು ಬಾರಿನ ಹತ್ತಿರ ಇಳಿಯುವವರೆಗೂ ಸಣ್ಣ ರಂಧ್ರದಿಂದ ಗಾಳಿ ಹೊರಡುವುದು ಶಬ್ದದ ವೇಗದಲ್ಲೇ, ಕಿವಿಗೆ ಮುಚ್ಚಿಗೆ ಇಲ್ಲದೆ ಅಲ್ಲಿ ನಿಲ್ಲಬಾರದು. ಗಾಳಿ ಹಿಗ್ಗುತ್ತ ತಣ್ಣಗಾಗುತ್ತದೆ, ವಾಲ್ವಿನ ಮೇಲೆ ಮಂಜು ಕಟ್ಟಿ ಒಳಗಿನ ತೇವ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಂಡು ‘ಮುಗಿಯಿತು’ ಎಂದು ನಂಬಿಸಬಹುದು. ನೈಟ್ರೋಜನ್ ಆಗಿದ್ದರೆ ಶೆಡ್ಡಿನ ಒಳಗೆ ಬಿಡಲೇಬಾರದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಾಡುವ ಆಮ್ಲಜನಕವನ್ನು ಸರಿಸಿ ಆ ಜಾಗದಲ್ಲಿ ತಾನು ನಿಲ್ಲುತ್ತದೆ, ಉಸಿರುಗಟ್ಟಿದ್ದು ಗೊತ್ತಾಗುವ ಮೊದಲೇ ಮನುಷ್ಯ ಬೀಳುತ್ತಾನೆ.

ಗಾಳಿ ಎಂದರೆ ಏನೂ ಅಲ್ಲ ಎಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. 2024ರ ಮಾರ್ಚಿನಲ್ಲಿ ಇಲ್ಲೇ ಸಂಪಿಗೆಹಳ್ಳಿ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ, ವಾಹನ ಸರ್ವಿಸ್ ಮಾಡುವ ಜಾಗದ ಗಾಳಿಯ ಪೈಪನ್ನು ಗೆಳೆಯನೊಬ್ಬ ಆಟಕ್ಕೆಂದು ಇನ್ನೊಬ್ಬನ ಮೈಗೆ ಒಡ್ಡಿದ. ಕರುಳು ಒಡೆದು ಆ ಯುವಕ ತೀರಿಕೊಂಡ. ನಮ್ಮ ರಸ್ತೆಗಳ ಪಂಕ್ಚರ್ ಅಂಗಡಿ, ಕಾರು ತೊಳೆಯುವ ಜಾಗ, ಎಲ್ಲೆಲ್ಲೂ ಇರುವುದು ಅದೇ ಗಾಳಿ. ಬಟ್ಟೆಯ ಧೂಳು ಕೊಡವಲು ಆ ಪೈಪನ್ನು ಮೈಮೇಲೆ ಆಡಿಸುವ ಹುಡುಗರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ, ನಿಂತು ಹೇಳುತ್ತೇನೆ. ನೀವೂ ಹೇಳಿ.

ಈ ಸಭೆಯಲ್ಲಿ ಒತ್ತಡ ಇಳಿಸುವುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಕುಕ್ಕರ್ ಇಡುವವರು. ವೇಟ್ ಕೂರಿಸಿದ ಕುಕ್ಕರಿನೊಳಗೆ ಹೊರಗಿನದಕ್ಕಿಂತ ಸುಮಾರು ಒಂದು ಬಾರ್ ಹೆಚ್ಚು ಒತ್ತಡ, 120 ಡಿಗ್ರಿಯ ಹತ್ತಿರ ಶಾಖ. ಮೂರು ಕೂಗಿದ ಮೇಲೆ ಒಲೆ ಆರಿಸಿದ ಕೈ ಮುಚ್ಚಳಕ್ಕೆ ಹೋಗುವುದಿಲ್ಲ. ತಾನೇ ಇಳಿಯಲಿ ಎಂದು ಬಿಡುತ್ತಾರೆ. ಕಡೆಗೆ ವೇಟನ್ನು ಒಂದಿಷ್ಟು ಎತ್ತಿ ಉಸಿರು ಇಲ್ಲವೆಂದು ನೋಡಿಯೇ ಮುಚ್ಚಳ ತಿರುಗಿಸುತ್ತಾರೆ. ನಾನು ಹೇಳಿದ ಮೆಟ್ಟಿಲು, ಕಾಯುವುದು, ವೆಂಟ್ ನೋಡುವುದು ಎಲ್ಲವೂ ಅದರಲ್ಲಿವೆ. ಒಳಮುಚ್ಚಳದ ಕುಕ್ಕರಿನಲ್ಲಿ ಇನ್ನೂ ಒಂದು ಜಾಣತನ ಇದೆ, ಒಳಗಿನ ಒತ್ತಡವೇ ಮುಚ್ಚಳವನ್ನು ಬಿಗಿಹಿಡಿದಿರುತ್ತದೆ, ಅದು ಇಳಿಯದೆ ಬಿಚ್ಚಿಕೊಳ್ಳುವುದಿಲ್ಲ. ಈ ಪಾತ್ರೆಯ ಮೂಲಪುರುಷ ಫ್ರಾನ್ಸಿನ ಡೆನಿ ಪಪಾಂ. 1679ರಲ್ಲಿ ಮೂಳೆ ಬೇಯಿಸುವ ಒತ್ತಡದ ಪಾತ್ರೆಯನ್ನು ತೋರಿಸಿದ, ಅದು ಸಿಡಿಯದಿರಲೆಂದು ಸೇಫ್ಟಿ ವಾಲ್ವನ್ನೂ ಕಂಡುಹಿಡಿದ. ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಪ್ರೆಸ್ಟೀಜ್ ಕುಕ್ಕರುಗಳು ಸಿಡಿಯುತ್ತಿವೆ ಎಂದು ದೂರು ಬಂದಾಗ, ಜನ ಬದಲಿ ಹಾಕಿಸುತ್ತಿದ್ದ ನಕಲಿ ಸೇಫ್ಟಿ ವಾಲ್ವುಗಳೇ ಕಾರಣ ಎಂದು ಆ ಬೆಂಗಳೂರು ಕಂಪನಿಯ ಮುಖ್ಯಸ್ಥರಾಗಿದ್ದ ಟಿ.ಟಿ. ಜಗನ್ನಾಥನ್ ಪತ್ತೆ ಮಾಡಿದರು. ಅವರು ನಕಲಿಯನ್ನು ಬೈದು ಸುಮ್ಮನಾಗಲಿಲ್ಲ. ಮುಚ್ಚಳದ ಅಂಚಿನಲ್ಲಿ ಒಂದು ಸೀಳು ಬಿಟ್ಟು, ಮಿತಿ ಮೀರಿದರೆ ಗ್ಯಾಸ್ಕೆಟ್ಟೇ ಆ ಸೀಳಿನಿಂದ ಹೊರಗೆ ಉಬ್ಬಿ ಹಬೆಯನ್ನು ಬಿಟ್ಟುಬಿಡುವ ಹಾಗೆ ಮಾಡಿದರು. ಒಂದು ಕೋಡಿ ಕೆಟ್ಟರೆ ಇನ್ನೊಂದು ಇರಲಿ ಎಂಬ ಬುದ್ಧಿ ಅದು.

ಕಾನೂನಿನ ವಿಷಯವನ್ನು ಬೇಗ ಮುಗಿಸುತ್ತೇನೆ. 1863ರಲ್ಲಿ ಕಲ್ಕತ್ತದಲ್ಲಿ ಬಾಯ್ಲರ್ ಸಿಡಿದು ಜನ ಸತ್ತರು, ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯ್ದೆ ಬಂತು. ಇಡೀ ದೇಶಕ್ಕೆ ಒಂದೇ ಕಾಯ್ದೆ ಆದದ್ದು 1923ರಲ್ಲಿ, ಅದರ ಜಾಗಕ್ಕೆ ಈಗ 2025ರ ಬಾಯ್ಲರ್ ಕಾಯ್ದೆ ಬಂದಿದೆ. ಒತ್ತಡದ ಯಂತ್ರಗಳಲ್ಲಿ ಸುರಕ್ಷಿತ ಮಿತಿ ಮೀರಬಾರದು ಎಂದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತಿತ್ತು. ನಮ್ಮ ರಾಜ್ಯದಲ್ಲಿ ನೋಡಿಕೊಳ್ಳುವವರು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯವರು. ಇಷ್ಟಿದ್ದೂ 2021ರ ಆಗಸ್ಟಿನಲ್ಲಿ ಮಾಗಡಿ ರಸ್ತೆಯ ತಿಂಡಿ ತಯಾರಿಸುವ ಘಟಕವೊಂದರಲ್ಲಿ ಬಾಯ್ಲರ್ ಸಿಡಿದು ಕಾರ್ಮಿಕರು ಸತ್ತರು. ಕಾಯ್ದೆಗಳೆಲ್ಲ ಹೆಚ್ಚಾಗಿ ಏರುವ ಒತ್ತಡವನ್ನು ಕಾಯುತ್ತವೆ. ಇಳಿಸುವ ಕೈ ಯಾರದು, ಆ ಕೈಗೆ ಯಾರು ಕಲಿಸಿದರು ಎಂಬುದನ್ನು ಶೆಡ್ಡೇ ನೋಡಿಕೊಳ್ಳಬೇಕು.

ಒತ್ತಡ ಬಿಡುವುದನ್ನೇ ದೊಡ್ಡ ವಿದ್ಯೆ ಮಾಡಿಕೊಂಡ ಜಾಗವೂ ನಮ್ಮ ಊರಿನಲ್ಲಿದೆ. ಮುರುಗೇಶಪಾಳ್ಯದ ಕಡೆ ವಿಂಡ್ ಟನಲ್ ರಸ್ತೆ ಎಂಬ ಹೆಸರು ಓದಿರುತ್ತೀರಿ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ನಾವು ಎನ್‌ಎಎಲ್ ಎನ್ನುವುದು, ಅಲ್ಲಿ 1967ರಿಂದ 1.2 ಮೀಟರಿನ ಗಾಳಿಸುರಂಗ ನಡೆಸುತ್ತಿದೆ. ಬಹಳ ಹೊತ್ತು ಗಾಳಿಯನ್ನು ಒತ್ತಿ ಒತ್ತಿ ಕೂಡಿಡುತ್ತಾರೆ. ಅದನ್ನು ಒಂದು ವಾಲ್ವಿನ ಮೂಲಕ ಅಳತೆ ತಪ್ಪದೆ ಕೆಲವೇ ಸೆಕೆಂಡುಗಳಲ್ಲಿ ಬಿಡುತ್ತಾರೆ. ಆ ಗಾಳಿಯಲ್ಲಿ ನಮ್ಮ ವಿಮಾನಗಳ, ರಾಕೆಟ್ಟುಗಳ ಮಾದರಿಗಳು ನಿಂತು ಪಾಸಾಗಿ ಬಂದಿವೆ. ಅಲ್ಲಿ ವಾಲ್ವ್ ನೋಡಿಕೊಳ್ಳುವುದು ಕಲಿತವರ ಕೆಲಸ. ಪೀಣ್ಯದ ಶೆಡ್ಡಿನಲ್ಲಿ ವಾಲ್ವ್ ತಿರುಗಿಸುವವನಿಗೂ ಅದೇ ಗೌರವ ಸಲ್ಲಬೇಕು ಎಂದು ನಾನು ಕೇಳುತ್ತೇನೆ. ಒಂದು ದಿನದ ತರಬೇತಿ, ಕನ್ನಡದಲ್ಲಿ ಬರೆದ ಒಂದು ಹಾಳೆ, ಅವಸರ ಮಾಡದ ಇಪ್ಪತ್ತು ನಿಮಿಷ, ಆ ಇಪ್ಪತ್ತು ನಿಮಿಷಕ್ಕೆ ಪಕ್ಕದಲ್ಲಿ ನಿಲ್ಲುವ ಒಬ್ಬ ಹಿರಿಯ. ಸುಗ್ಗಿಯಲ್ಲಿ ನೀರಗಂಟಿಗೆ ಅಳೆದುಕೊಡುತ್ತಿದ್ದ ಧಾನ್ಯದ ಜಾಗದಲ್ಲಿ ಇಷ್ಟನ್ನಾದರೂ ನಾವು ಕೊಡಬಹುದು.

ಕಣ್ಣು ಕಳೆದುಕೊಂಡ ಆ ಹುಡುಗ ಆಮೇಲೆ ಶೆಡ್ಡಿನ ಕೆಲಸಕ್ಕೆ ಬರಲಿಲ್ಲ. ಊರಿಗೆ ಹೋಗಿ ರೇಷ್ಮೆ ಹುಳ ಸಾಕಿದ. ಅವನ ಮಗಳ ಮದುವೆಗೆ ನನ್ನನ್ನು ಕರೆದಿದ್ದ, ಹೋಗಿದ್ದೆ. ನನ್ನ ಕೈ ಹಿಡಿದು ಊಟದ ಸಾಲಿನಲ್ಲಿ ಕೂರಿಸಿದ. ಆ ದಿನದ ಮಾತು ಅವನೂ ಎತ್ತಲಿಲ್ಲ, ನನಗೂ ಬಾಯಿ ಬರಲಿಲ್ಲ. ಅಲ್ಲಿಂದ ಹಿಂದಿರುಗಿದ ವಾರವೇ ನಾನು ಆಗ ಇದ್ದ ಶೆಡ್ಡಿನಲ್ಲಿ ಟೆಸ್ಟ್ ರಿಜಿಸ್ಟರನ್ನು ಹೊಸದಾಗಿ ಅಚ್ಚು ಹಾಕಿಸಿದೆ. ಒತ್ತಡ ಹಿಡಿದ ಸಮಯ ಎಂಬ ಕಲಮಿನ ಪಕ್ಕ ಇನ್ನೂ ಮೂರು ಸೇರಿಸಿದೆ. ಎರಡು ಗೇಜೂ ಸೊನ್ನೆಗೆ ಬಂದ ಸಮಯ. ಮೇಲಿನ ವೆಂಟ್ ತೆರೆದ ಸಮಯ. ವೆಂಟ್ ತೆರೆದವರ ಹೆಸರು, ಸಹಿ. ಈ ಮೂರು ತುಂಬದೆ ‘ಟೆಸ್ಟ್ ಸರಿ’ ಎಂದು ನಾನು ಸಹಿ ಹಾಕುವಂತಿರಲಿಲ್ಲ. ಮೊದಲನೆಯ ಪುಟದಲ್ಲಿ ಆ ಕೊನೆಯ ಕಲಮಿಗೆ ಸಹಿ ಹಾಕಿದವನು ಸಿಂದಗಿಯ ಕಡೆಯಿಂದ ಬಂದಿದ್ದ ಒಬ್ಬ ಹೆಲ್ಪರ್. “ಸರ, ಇಲ್ಲಿ ನಂದs ಹೆಸರು ಬರೀಲ್ರೀ?” ಎಂದು ಎರಡು ಸಲ ಕೇಳಿ, ಕೈಯ ಗ್ರೀಸನ್ನು ಬನಿಯನ್ನಿಗೆ ಒರೆಸಿಕೊಂಡು, ಗಡಿಯಾರ ನೋಡಿ, ಕನ್ನಡದಲ್ಲಿ ಪೂರ್ತಿ ಹೆಸರು ಬರೆದ.

ಆ ರಿಜಿಸ್ಟರಿನ ಒಂದು ಖಾಲಿ ಹಾಳೆಯನ್ನು ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಬೇಕಾದವರು ಪ್ರತಿ ಮಾಡಿಸಿಕೊಂಡು ಹೋಗಬಹುದು.